ಓದಿನ ಒತ್ತಡ ಮರೆಯಲು ಕೋಣೆಯಲ್ಲೇ ಹಾಡಿ ರೆಕಾರ್ಡ್ ಮಾಡುತ್ತೇನೆ. ದನಿ ಡಬ್ಬದೊಳಗಿಂದ ಬಂದಂತೆ ಕೇಳುವುದೇಕೆ?

ತಪ್ಪು ಮೈಕಿನದಲ್ಲ, ಬರಿಗೋಡೆಯದು. ಗೋಡೆಗೆ ಬಡಿದು ಮರಳುವ ಸದ್ದೂ ಮೈಕಿಗೆ ಸೇರುತ್ತದೆ. ಬಟ್ಟೆ ತುಂಬಿದ ಕಪಾಟು ತೆರೆದು, ಅದಕ್ಕೆ ಬೆನ್ನು ಹಾಕಿ ಹಾಡಿ. ಇಲ್ಲವೇ ಬೆನ್ನ ಹಿಂದೆ ದಪ್ಪ ಕಂಬಳಿ ತೂಗುಹಾಕಿ.

ಮೈಕ್ ಬಾಯಿಂದ 15–20 ಸೆಂ.ಮೀ. ದೂರದಲ್ಲಿ, ತುಸು ಓರೆಯಾಗಿರಲಿ. ನೇರ ಇಟ್ಟರೆ ‘ಪ’, ‘ಭ’ಗಳ ಉಸಿರು ಧಪ್ಪೆಂದು ಬಡಿಯುತ್ತದೆ. ಅತಿ ಜೋರಾದ ಸಾಲನ್ನು ಮೊದಲು ಹಾಡಿ ನೋಡಿ, ದನಿಯ ಮಟ್ಟ ತೋರಿಸುವ ಮೀಟರ್ ಮೈನಸ್ 6 ಡೆಸಿಬೆಲ್ ದಾಟದಂತೆ ಗೇನ್ (ಮೈಕಿನ ದನಿಯನ್ನು ಹಿಗ್ಗಿಸುವ ಮಟ್ಟ) ಇಳಿಸಿ. ಮೀಟರಿನ ಗರಿಷ್ಠ ಮಿತಿಯಾದ ಸೊನ್ನೆ ಮುಟ್ಟಿ ಒಡೆದ ದನಿ ಆಮೇಲೆ ಸರಿಹೋಗದು.

ತಾಳದ ಟ್ರ್ಯಾಕ್ ಕೇಳಲು ವೈರ್ ಇರುವ ಹೆಡ್‌ಫೋನೇ ಬೇಕು. ಬ್ಲೂಟೂತ್‌ನಲ್ಲಿ ಸದ್ದು ತಡವಾಗಿ ಬಂದು ತಾಳ ತಪ್ಪುತ್ತದೆ. ಸಾಫ್ಟ್‌ವೇರಿಗೆ ಉಚಿತ ಆಡಾಸಿಟಿ ಸಾಕು. ಅದಕ್ಕೆ ಜೋಡಿಸುವ ಹೆಚ್ಚುವರಿ ಸಾಫ್ಟ್‌ವೇರ್, ಅಂದರೆ ಪ್ಲಗಿನ್ ಹುಡುಕುತ್ತ ಕೂತರೆ ಅದೇ ಇನ್ನೊಂದು ತಲೆನೋವು. ಮೂರು ಟೇಕ್ ಮಾಡಿ, ಚೆನ್ನಾಗಿರುವುದನ್ನು ಉಳಿಸಿಕೊಳ್ಳಿ.