ಕಂಪನಿಯೋ, ಸಂಘವೋ?

ಶ್ರೀನಿವಾಸಪುರದ ಓದುಗರೊಬ್ಬರು ಬರೆದಿದ್ದಾರೆ: "ನಾವು ಮಾವು ಬೆಳೆಯೋ ಮನೆಗಳ ಹೆಣ್ಣುಮಕ್ಕಳು. ಸೇರಿ ಉಪ್ಪಿನಕಾಯಿ ಮಾಡಿ ಮಾರ್ತಿದ್ದೇವೆ. ಸಹಕಾರ ಸಂಘ ಅಂದ್ರೆ ಬರೀ ರಾಜಕೀಯ, ಕಂಪನಿ ಮಾಡ್ಕೊಂಡ್ರೆ ಹೇಗೆ ಸಾರ್?"

ಮಾಡಬಹುದಮ್ಮಾ. 2002ರಲ್ಲಿ ಕಂಪನಿ ಕಾಯ್ದೆಗೆ ತಿದ್ದುಪಡಿ ತಂದು ಉತ್ಪಾದಕರ ಕಂಪನಿಗೆ ದಾರಿ ಮಾಡಿಕೊಟ್ಟರು. ಹತ್ತು ಜನ ಬೆಳೆಗಾರರಿದ್ದರೆ ಸಾಕು, ಹೊರಗಿನ ಸಾಹುಕಾರ ಬಂದು ಷೇರು ಕೊಳ್ಳುವ ಹಾಗಿಲ್ಲ. ಒಳ್ಳೆಯದೇ. ಆದರೆ ವರ್ಷಾ ವರ್ಷ ಲೆಕ್ಕದ ಫಾರಂ ಒಂದು, ವಾರ್ಷಿಕ ವರದಿಯ ಫಾರಂ ಒಂದು ಸಲ್ಲಿಸಬೇಕು, ತಡವಾದರೆ ಒಂದೊಂದಕ್ಕೂ ದಿನಕ್ಕೆ 100 ರೂಪಾಯಿ ದಂಡ ಅಂತ ಯಾರಾದರೂ ಹೇಳಿದರಾ? ಒಂದು ಬಾಟಲಿ ಮಾರದೇ ಇದ್ದರೂ ಆ ಮೀಟರು ಓಡುತ್ತಲೇ ಇರುತ್ತದೆ. ಸತತ ಮೂರು ವರ್ಷ ಬಿಟ್ಟರೆ ನಿರ್ದೇಶಕರಾದವರು ಐದು ವರ್ಷ ಯಾವ ಕಂಪನಿಯಲ್ಲೂ ಆ ಹುದ್ದೆಗೆ ಬರುವ ಹಾಗಿಲ್ಲ. ದೊಡ್ಡ ಕಾರ್ಖಾನೆಗೆ ಇದನ್ನೆಲ್ಲ ನೋಡಿಕೊಳ್ಳೋಕೆ ಜನ ಇರುತ್ತಾರೆ. ನಿಮಗೆ?

ಇನ್ನು ಸಹಕಾರದ ಮಾತು. ಕೋಲಾರ ಜಿಲ್ಲೆಯಲ್ಲಿ ಕೂತು ಹೀಗೆ ಬರೆಯೋದಾ! ಬೆಳಿಗ್ಗೆ ನಿಮ್ಮೂರ ಹಾಲಿನ ಸಹಕಾರ ಸಂಘದ ಡೇರಿ ಮುಂದೆ ಹೋಗಿ ನಿಲ್ಲಿ. ಚೀಟಿ ಓದಲು ಬಾರದ ಅಜ್ಜಿ ಸೆಕ್ರೆಟರಿಯನ್ನು ನಿಲ್ಲಿಸಿ "ಯಾಕಪ್ಪಾ ಇವತ್ತು ಫ್ಯಾಟ್ ಕಮ್ಮಿ?" ಅಂತ ಕೇಳುತ್ತಾಳೆ. ಅವನು ಉತ್ತರ ಕೊಡಲೇಬೇಕು, ಯಾಕಂದ್ರೆ ಒಂದು ಹಸು ಇದ್ದವಳಿಗೂ ಹತ್ತು ಹಸು ಇದ್ದವನಿಗೂ ಒಂದೇ ಓಟು. ಗದಗದ ಕಣಗಿನಹಾಳದಲ್ಲಿ 1905ರಲ್ಲೇ ಸಹಕಾರ ಸಂಘ ಕಟ್ಟಿದ ರೈತರು ಯಾವ ಕನ್ಸಲ್ಟೆಂಟನ್ನೂ ಕರೆಸಿರಲಿಲ್ಲ.

ರಾಜಕೀಯ ಇದೆ, ಇಲ್ಲ ಅನ್ನಲ್ಲ. ಅದಕ್ಕೆ ಬಾಗಿಲು ತೆಗೆದಿದ್ದು ಕಾನೂನೇ. ಕರ್ನಾಟಕದ 1959ರ ಸಹಕಾರ ಸಂಘಗಳ ಕಾಯ್ದೆ ಸಂಘದ ಬೀಗದಕೈಯನ್ನು ಸರ್ಕಾರದ ಕೈಯಲ್ಲಿಟ್ಟಿತು: ಮಂಡಳಿ ವಜಾ ಮಾಡೋದು, ಆಡಳಿತಾಧಿಕಾರಿ ಕೂರಿಸೋದು ಎಲ್ಲಾ ಅಲ್ಲಿಂದಲೇ. ಆ ಹಿಡಿತ ಸಡಿಲವಾಗಲಿ ಅಂತಲೇ 1997ರ ಸೌಹಾರ್ದ ಸಹಕಾರಿ ಕಾಯ್ದೆ ಬಂದಿದ್ದು. ಆಮೇಲೆ ಸಂವಿಧಾನದ 97ನೇ ತಿದ್ದುಪಡಿ ಸಹಕಾರ ಸಂಘ ಕಟ್ಟುವುದನ್ನು ಮೂಲಭೂತ ಹಕ್ಕು ಮಾಡಿತು. ತಿದ್ದುಪಡಿಯಲ್ಲಿ ರಾಜ್ಯದೊಳಗಿನ ಸಂಘಗಳ ನಿಯಮಗಳಿದ್ದ ಭಾಗ 2021ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋಯಿತು, ಆದರೆ ಈ ಹಕ್ಕು ಉಳಿಯಿತು. ಇಟಲಿಯವರು 1991ರಲ್ಲೇ ಅಶಕ್ತರಿಗೆ ಆರೈಕೆ, ಕೆಲಸ ಕೊಡುವ ಸಾಮಾಜಿಕ ಸಹಕಾರ ಸಂಘಗಳಿಗೆ ಬೇರೆ ಕಾನೂನು ಮಾಡಿಕೊಂಡರು. ನಾವಿನ್ನೂ ಬಡವರು ನಾಲ್ಕು ಜನ ಸೇರಿದರೆ ಮೊದಲು ಅನುಮಾನ, ಆಮೇಲೆ ಅರ್ಜಿ, ಕೊನೆಗೆ ಉದ್ಘಾಟನೆಗೆ ಶಾಸಕರು!

ಸೌಹಾರ್ದದಡಿ ನೋಂದಣಿ ಆಗುತ್ತಾ ವಿಚಾರಿಸಿ. ಚೆಕ್ಕಿಗೆ ಯಾರು ಸಹಿ ಹಾಕಬೇಕು, ಲಾಭ ಹೇಗೆ ಹಂಚಬೇಕು ಅನ್ನೋದನ್ನು ಈಗಲೇ ಬೈಲಾದಲ್ಲಿ, ಅಂದರೆ ಸಂಘದ ನಿಯಮಾವಳಿಯಲ್ಲಿ, ಬರೆದುಕೊಳ್ಳಿ. ಕರಡು ಕಳಿಸಿದರೆ ಓದಿ ಹೇಳುತ್ತೇನೆ. ಜೊತೆಗೆ ಒಂದು ಬಾಟಲಿ ಉಪ್ಪಿನಕಾಯಿ ಬಂದರೂ ಬೇಡ ಅನ್ನುವುದಿಲ್ಲ.

– ಸಂ.