ಕಸಿಯ ನಂತರ ಎಣಿಕೆ ಸರಿಹೋದರೂ ಎಚ್ಚರಿಕೆ ಏಕೆ?

ಪ್ರಶ್ನೆ: ರಕ್ತದ ಕ್ಯಾನ್ಸರ್ ಇದ್ದ ನನ್ನ ತಮ್ಮನಿಗೆ ಅಕ್ಕನ ಅಸ್ಥಿಮಜ್ಜೆಯನ್ನು ಕಸಿ ಮಾಡಿ ಐದು ತಿಂಗಳಾಯಿತು. ಬಿಳಿ ರಕ್ತಕಣಗಳ ಎಣಿಕೆ ಸರಿಯಾಗಿದೆ. ಆದರೂ ಲೋಕಲ್ ರೈಲು, ಗಣೇಶೋತ್ಸವದ ಜನಜಂಗುಳಿ ಎರಡೂ ಬೇಡವೆಂದು ವೈದ್ಯರು ಹೇಳುತ್ತಾರೆ. ಇಷ್ಟು ಎಚ್ಚರಿಕೆ ಅಗತ್ಯವೇ?
– ಓದುಗರು, ಡೊಂಬಿವಲಿ

ಉತ್ತರ: ಖಂಡಿತ ಅಗತ್ಯ. ರಿಪೋರ್ಟಿನಲ್ಲಿ ನೀವು ನೋಡುತ್ತಿರುವ ಸಂಖ್ಯೆಯಲ್ಲಿ ಹೆಚ್ಚಿನ ಪಾಲು ಬ್ಯಾಕ್ಟೀರಿಯಾಗಳನ್ನು ಎದುರಿಸುವ ನ್ಯೂಟ್ರೋಫಿಲ್ ಎಂಬ ಬಿಳಿ ಕಣಗಳದ್ದು. ಅವು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಗಳಲ್ಲೇ ಚೇತರಿಸಿಕೊಳ್ಳುತ್ತವೆ. ಅವುಗಳ ಹಿಂದೆಯೇ, ಸೋಂಕು ತಗುಲಿದ ಕಣಗಳನ್ನು ಕೊಲ್ಲುವ ಎನ್‌ಕೆ ಕಣಗಳೂ ಮರಳುತ್ತವೆ. ವೈರಸ್ ಮತ್ತು ಶಿಲೀಂಧ್ರಗಳನ್ನು ಗುರುತಿಸಿ ನೆನಪಿಟ್ಟುಕೊಳ್ಳುವ ಟಿ ಕಣಗಳ ಕಥೆಯೇ ಬೇರೆ. ಅಕ್ಕನ ಮಜ್ಜೆಯೊಂದಿಗೆ ಬಂದ ಬಲಿತ ಟಿ ಕಣಗಳು ಮೊದಲು ತಾವೇ ಇಮ್ಮಡಿ ಮುಮ್ಮಡಿಯಾಗುತ್ತವೆ. ಆದರೆ ಅವಕ್ಕೆ ಪರಿಚಿತವಾದ ಶತ್ರುಗಳು ಕೆಲವೇ. ಹೊಸ ಟಿ ಕಣಗಳು ಎದೆಯೊಳಗಿನ ಥೈಮಸ್ ಗ್ರಂಥಿಯೆಂಬ ಗರಡಿಯಲ್ಲಿ ಪಳಗಿಯೇ ಹೊರಬರಬೇಕು. ವಯಸ್ಸಾದಂತೆ ಆ ಗ್ರಂಥಿ ಕುಗ್ಗುತ್ತಾ ಹೋಗುತ್ತದೆ. ಕೀಮೋಥೆರಪಿ, ವಿಕಿರಣ, ದಾನಿಯ ಕಣಗಳು ರೋಗಿಯ ದೇಹದ ಮೇಲೆಯೇ ತಿರುಗಿಬೀಳುವ ಜಿವಿಎಚ್‌ಡಿ ಇವೆಲ್ಲ ಅದನ್ನು ಇನ್ನಷ್ಟು ಘಾಸಿಗೊಳಿಸುತ್ತವೆ. ಆದ್ದರಿಂದ, ಇತರ ರಕ್ಷಕ ಕಣಗಳಿಗೆ ನೆರವಾಗುವ ಸಿಡಿ4 ಎಂಬ ಬಗೆಯ ಟಿ ಕಣಗಳು ಚೇತರಿಸಲು ವಯಸ್ಕರಲ್ಲಿ ಒಂದು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಹಿಡಿಯುತ್ತದೆ. ಪ್ರತಿಕಾಯ ತಯಾರಿಸುವ ಬಿ ಕಣಗಳ ಸಂಖ್ಯೆ ಸರಿಹೋದರೂ, ಸಿಡಿ4 ಕಣಗಳ ನೆರವಿಲ್ಲದೆ ಅವು ಒಳ್ಳೆಯ ಪ್ರತಿಕಾಯಗಳನ್ನು (ರೋಗಾಣುಗಳನ್ನು ಹಿಡಿದಿಡುವ ಪ್ರೋಟೀನ್‌ಗಳನ್ನು) ತಯಾರಿಸಲಾರವು.

ಈ ನಡುವಿನ ಅವಧಿಯಲ್ಲಿ ಸರ್ಪಸುತ್ತು, ಸಿಎಂವಿ (ಸೈಟೊಮೆಗಲೊ) ವೈರಸ್, ಬೂಷ್ಟು ಧೂಳಿನಲ್ಲಿರುವ ಆಸ್ಪರ್‌ಜಿಲಸ್ ಶಿಲೀಂಧ್ರದ ಸೋಂಕುಗಳ ಅಪಾಯವಿರುತ್ತದೆ. ನಿಮ್ಮ ಭಾಗದಲ್ಲಿ ಮಳೆಗಾಲಕ್ಕೆ ಗೋಡೆಗಳಲ್ಲಿ ಬೂಷ್ಟು ಹಿಡಿಯುವುದು, ಪಕ್ಕದ ಹಳೆಯ ಕಟ್ಟಡ ಕೆಡವುವಾಗ ಧೂಳೇಳುವುದು, ಬಾಲ್ಕನಿಯಲ್ಲಿ ಪಾರಿವಾಳದ ಹಿಕ್ಕೆ ಸೇರುವುದು ಎಲ್ಲವೂ ಸಾಮಾನ್ಯ. ಜನಸಂದಣಿಯಷ್ಟೇ ಇವುಗಳಿಂದಲೂ ತಮ್ಮನನ್ನು ದೂರವಿಡಿ. ಮನೆಯ ಗಣಪತಿಯ ಪೂಜೆಯಲ್ಲಿ ಕೆಮ್ಮು ನೆಗಡಿಯಿಲ್ಲದ ನಾಲ್ಕು ಜನರೊಡನೆ ಅವರು ಕೂರಬಹುದೇ ಎಂಬುದನ್ನು ವೈದ್ಯರಲ್ಲಿ ಕೇಳಿ. ಅಷ್ಟಕ್ಕೆ ಅನುಮತಿ ಸಿಕ್ಕರೆ ಅವರ ಮನಸ್ಸಿಗೂ ಒಳಿತು. ರಿಪೋರ್ಟ್ ಚೆನ್ನಾಗಿದೆಯೆಂದು ಸೋಂಕು ತಡೆಯಲು ಕೊಟ್ಟಿರುವ ಅಸೈಕ್ಲೋವಿರ್, ಕೋಟ್ರೈಮೋಕ್ಸಜೋಲ್ ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ರಾತ್ರಿಯಾದರೂ ಸರಿ, ಕಸಿ ಮಾಡಿದ ತಂಡಕ್ಕೆ ತಿಳಿಸಿ.

ಬಾಲ್ಯದ ಲಸಿಕೆಗಳ ರಕ್ಷಣೆಯೂ ಕಸಿಯ ನಂತರ ಬಹುಮಟ್ಟಿಗೆ ಕರಗಿಹೋಗುತ್ತದೆ. ನಿರ್ಜೀವ ಲಸಿಕೆಗಳನ್ನು ಮೂರರಿಂದ ಆರು ತಿಂಗಳ ನಂತರ ಹಂತಹಂತವಾಗಿ ಮತ್ತೆ ಆರಂಭಿಸುತ್ತಾರೆ. ದಡಾರದಂತಹ ಸಜೀವ ಲಸಿಕೆಗೆ ಕನಿಷ್ಠ ಎರಡು ವರ್ಷ ಕಾಯಬೇಕು; ಆಗಲೂ ಜಿವಿಎಚ್‌ಡಿ ಇರಬಾರದು, ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿಗಳು ನಿಂತಿರಬೇಕು.

ಪ್ರಶ್ನೆ: ಕಸಿಯಾದ ಮಾವ ನಮ್ಮೊಂದಿಗಿದ್ದಾರೆ. ಮಗುವಿಗೆ ಪೋಲಿಯೊ ಹನಿ ಹಾಕಿಸಬಹುದೇ?
– ಓದುಗರು, ಪುಣೆ

ಉತ್ತರ: ಹನಿಯಲ್ಲಿರುವುದು ದುರ್ಬಲಗೊಳಿಸಿದ ಸಜೀವ ವೈರಸ್, ಅದು ಮಗುವಿನ ಮಲದಲ್ಲಿ ಕೆಲವು ವಾರ ಹೊರಬೀಳುತ್ತದೆ. ಮಕ್ಕಳ ವೈದ್ಯರಿಗೆ ಮಾವನ ಸ್ಥಿತಿಯನ್ನು ವಿವರಿಸಿ ಚುಚ್ಚುಮದ್ದಿನ ಪೋಲಿಯೊ ಲಸಿಕೆಯನ್ನೇ ಕೇಳಿ. ಹನಿ ಈಗಾಗಲೇ ಹಾಕಿಸಿದ್ದರೆ, ಡೈಪರ್ ಬದಲಿಸುವ ಕೆಲಸ ಮಾವನ ಪಾಲಿಗೆ ಬರದಂತೆ ನೋಡಿಕೊಳ್ಳಿ, ನೀವು ಸೋಪಿನಿಂದ ಕೈ ತೊಳೆಯಿರಿ. ಮಗುವಿಗೆ ದಡಾರದ ಲಸಿಕೆ ಹಾಕಿಸಲು ಅಡ್ಡಿಯಿಲ್ಲ. ಮನೆಯವರೆಲ್ಲರೂ ಪ್ರತಿವರ್ಷ ಫ್ಲೂ ಲಸಿಕೆ ಹಾಕಿಸಿಕೊಳ್ಳಿ.