ಸಮುದ್ರದ ಎಣ್ಣೆ ಬಾವಿ ಬಗ್ಗೆ ಅನಿಮೇಷನ್ ಮಾಡುವುದಾ? ಅಳುವ ಆಮೆ ಬೇಡ

ನಿಮ್ಮ ಪ್ರಶ್ನೆ ಇದು: ಸಮುದ್ರದಲ್ಲಿ ಎಣ್ಣೆಗಾಗಿ ಬಾವಿ ಕೊರೆಯುವುದರಿಂದ ಪರಿಸರಕ್ಕೆ ಏನಾಗುತ್ತದೆ ಅಂತ ಮೂರು ನಿಮಿಷದ ಅನಿಮೇಷನ್‌ನಲ್ಲಿ ಹೇಳಬೇಕು, ಎಲ್ಲಿಂದ ಶುರು ಮಾಡಲಿ? ನಾನು ಹೊಟ್ಟೆಪಾಡಿಗೆ ಇಂಥ ವಿಡಿಯೋಗಳನ್ನೇ ಮಾಡುವವನು. ಇದೇ ವಿಷಯದ ಮೇಲೆ ಒಂದು ಮಾಡಿದ್ದೇನೆ, ಮೊದಲ ಸಲ ಸರಿಯಾಗಿ ಕೆಡಿಸಿಯೂ ಇದ್ದೇನೆ.

ಆ ಮೊದಲ ವಿಡಿಯೋದಲ್ಲಿ ಎಲ್ಲ ಇತ್ತು. ತಿರುಗುವ ಭೂಮಿ, ಹರಡುವ ಕಪ್ಪು ಕಲೆ, ಕಣ್ಣೀರು ಹಾಕುವ ಆಮೆ. ನೋಡಿದವರು ಚೆನ್ನಾಗಿದೆ ಅಂದರು. ಬಾವಿಯಲ್ಲಿ ಏನು ಕೆಟ್ಟಿತು ಹೇಳಿ ಅಂದರೆ ಒಬ್ಬರಿಗೂ ಗೊತ್ತಿಲ್ಲ. ಎಣ್ಣೆ ಮೆತ್ತಿದ ಹಕ್ಕಿಯನ್ನು ತೋರಿಸುವುದಕ್ಕೆ ಒಂದು ಫೋಟೋ ಸಾಕು ಅಲ್ವಾ? ಸಮುದ್ರ, ಹವಾಮಾನ ನೋಡಿಕೊಳ್ಳುವ ಅಮೆರಿಕದ ಸರ್ಕಾರಿ ಸಂಸ್ಥೆ ನೋವಾ (NOAA), ಅದರ ಫೋಟೋಗಳಲ್ಲಿ ಹೆಚ್ಚಿನವನ್ನು ಯಾರು ಬೇಕಾದರೂ ಬಳಸಬಹುದು. ಯಾವ ಕ್ಯಾಮೆರಾಗೂ ಒಂದೇ ಫ್ರೇಮಿನಲ್ಲಿ ಸಿಗದ್ದನ್ನು ಮಾತ್ರ ನೀವು ಬಿಡಿಸಿ. ಅಂದರೆ ನೀರಿನ ಮೇಲಿಂದ ತಳದವರೆಗಿನ ಆಳ.

ಒಂದೇ ಬಾವಿ ಆರಿಸಿಕೊಳ್ಳಿ. ನಾನು ಆರಿಸಿದ್ದು ಮೆಕ್ಸಿಕೋ ಕೊಲ್ಲಿಯ ಮಕಾಂಡೋ. 2010ರ ಏಪ್ರಿಲ್ 20ರಂದು ಅಲ್ಲಿ ಡೀಪ್‌ವಾಟರ್ ಹೊರೈಜನ್ ಅನ್ನುವ ರಿಗ್, ಅಂದರೆ ಬಾವಿ ಕೊರೆಯುವ ತೇಲುವ ಕಟ್ಟೆ, ಸ್ಫೋಟಗೊಂಡು 11 ಜನ ಸತ್ತರು, ಎರಡು ದಿನಕ್ಕೆ ರಿಗ್ ಮುಳುಗಿತು, ಎಣ್ಣೆ ನಿಲ್ಲಿಸಲು 87 ದಿನ ಹಿಡಿಯಿತು. ಅಲ್ಲಿ ನೀರಿನ ಆಳವೇ ಸುಮಾರು 1500 ಮೀಟರ್. ಈ ಅಂಕಿ ಕೇಳಿದರೆ ಯಾರಿಗೂ ಏನೂ ಅನಿಸುವುದಿಲ್ಲ. ಜೋಗ 253 ಮೀಟರ್, ಆರು ಜೋಗವನ್ನು ಒಂದರ ಮೇಲೊಂದು ನಿಲ್ಲಿಸಿ ತೋರಿಸಿ, ಆಮೇಲೆ ಬಾವಿ ಇನ್ನೂ ಕೆಳಗೆ ನೆಲದೊಳಗೆ ಸುಮಾರು 4000 ಮೀಟರ್ ಹೋಗುತ್ತದೆ ಅನ್ನಿ. ಪಕ್ಕದಲ್ಲೇ ನಮ್ಮ ಅರಬ್ಬಿ ಸಮುದ್ರದ ಎಣ್ಣೆ ಕ್ಷೇತ್ರ ಬಾಂಬೆ ಹೈ ಬಿಡಿಸಬಹುದು. ಮುಂಬೈಯಿಂದ ಸುಮಾರು 160 ಕಿ.ಮೀ. ದೂರ, 1974ರಲ್ಲಿ ಎಣ್ಣೆ ಸಿಕ್ಕಿದ್ದು, ಅಲ್ಲಿ ನೀರು ಸುಮಾರು 75 ಮೀಟರ್ ಅಷ್ಟೇ, ಜೋಗದ ಮೂರನೇ ಒಂದು ಪಾಲೂ ಇಲ್ಲ. ಅಲ್ಲಾದರೆ ಮುಳುಗುಗಾರರನ್ನು ಕಳಿಸಬಹುದು. ಮಕಾಂಡೋದಲ್ಲಿ ರೋಬೋಟ್ ಬಿಟ್ಟರೆ ಯಾರೂ ಇಳಿಯುವ ಹಾಗಿರಲಿಲ್ಲ. ಕ್ಯಾಮೆರಾ ಸುಮ್ನೆ ಕೆಳಗೆ ಇಳಿಯುತ್ತಾ ಹೋಗಲಿ, ಹತ್ತು ಸೆಕೆಂಡ್ ಯಾರೂ ಮಾತಾಡದಿದ್ದರೂ ಪರವಾಗಿಲ್ಲ.

ತಳದಲ್ಲಿ ಬ್ಲೋಔಟ್ ಪ್ರಿವೆಂಟರ್ ಇರುತ್ತದೆ, ಐದು ಮಹಡಿ ಎತ್ತರದ ಕವಾಟಗಳ ರಾಶಿ. ಕೊನೆ ಉಪಾಯವಾಗಿ ಅದರೊಳಗಿನ ಉಕ್ಕಿನ ಬ್ಲೇಡುಗಳು ಪೈಪನ್ನು ಕತ್ತರಿಸಿ ಬಾವಿ ಮುಚ್ಚಬೇಕಿತ್ತು. ಆದರೆ ಒಳಗಿನ ಒತ್ತಡಕ್ಕೆ ಪೈಪ್ ಬಾಗಿ ಬದಿಗೆ ಸರಿದಿತ್ತು, ಬ್ಲೇಡುಗಳು ಪೂರ್ತಿ ಕೂಡಲೇ ಇಲ್ಲ. ಇದನ್ನು ವಿವರಿಸಲು ನಾನು ಎರಡು ದಿನ ಒದ್ದಾಡಿ, ಕೊನೆಗೆ ಅಡಕತ್ತರಿ ಬಿಡಿಸಿದೆ. ಅಡಿಕೆ ಮಧ್ಯಕ್ಕೆ ಕೂರದೆ ಬದಿಗೆ ಜಾರಿದರೆ ಕತ್ತರಿ ಏನು ಮಾಡುತ್ತದೆ? ನಮ್ಮಮ್ಮನಿಗೂ ಒಂದೇ ಸಲಕ್ಕೆ ಅರ್ಥವಾಯಿತು.

ಇನ್ನೊಂದು ತಪ್ಪು ಎಲ್ಲರೂ ಮಾಡುತ್ತಾರೆ, ಎಣ್ಣೆ ಎಲ್ಲ ನೇರ ಮೇಲಕ್ಕೆ ಬರುವ ಹಾಗೆ ಬಿಡಿಸುತ್ತಾರೆ. ಒತ್ತಡದಲ್ಲಿ ಚಿಮ್ಮಿದ ಎಣ್ಣೆ ಸಣ್ಣ ಹನಿಗಳಾಗಿ ಒಡೆದು, ಒಂದಷ್ಟು ಮೇಲೆ ಬರದೆ ಸುಮಾರು 1100 ಮೀಟರ್ ಆಳದಲ್ಲೇ ಮೋಡದ ಹಾಗೆ ತೇಲುತ್ತಾ ಹೋಯಿತು. ಬಾವಿಯಿಂದ 11 ಕಿ.ಮೀ. ದೂರದ ಆಳದ ಹವಳಗಳಿಗೂ ಪೆಟ್ಟು ಬಿತ್ತು. ಇದರ ಮೇಲೆ ಎಣ್ಣೆ ಒಡೆಯಲೆಂದು ಸುಮಾರು 70 ಲಕ್ಷ ಲೀಟರ್ ರಾಸಾಯನಿಕ ಸುರಿದರು. ಅದು ಪಾತ್ರೆಯ ಜಿಡ್ಡಿಗೆ ಸೋಪು ಹಾಕಿದ ಹಾಗೆ. ಜಿಡ್ಡು ಮಾಯವಾಗುವುದಿಲ್ಲ, ನೀರಲ್ಲಿ ಬೆರೆಯುತ್ತದೆ ಅಷ್ಟೇ. ನನ್ನ ಕೇಳಿದರೆ ಇಡೀ ವಿಡಿಯೋದಲ್ಲಿ ಜಾಸ್ತಿ ಹೊತ್ತು ನಿಲ್ಲಬೇಕಾದ ಜಾಗ ಇದೇ.

ಅಂಕಿಗಳಲ್ಲಿ ಹುಷಾರು. ಅಮೆರಿಕ ಸರ್ಕಾರದ ವಿಜ್ಞಾನಿಗಳ ಲೆಕ್ಕದಲ್ಲಿ ಬಾವಿಯಿಂದ ಹೊರಬಂದದ್ದು 49 ಲಕ್ಷ ಬ್ಯಾರೆಲ್. 2015ರ ಅಲ್ಲಿನ ಕೋರ್ಟ್ ತೀರ್ಪಿನಲ್ಲಿ ಸಮುದ್ರಕ್ಕೆ ಸೇರಿದ್ದು 31.9 ಲಕ್ಷ ಬ್ಯಾರೆಲ್. ನಾನು ಒಂದನ್ನು ದನಿಯಲ್ಲಿ, ಇನ್ನೊಂದನ್ನು ಪರದೆ ಮೇಲೆ ಹಾಕಿ ಕ್ಲೈಂಟ್ ಹತ್ತಿರ ಬೈಸಿಕೊಂಡೆ, ರೆಂಡರ್, ಅಂದರೆ ಕಂಪ್ಯೂಟರ್ ಕೊನೆಯ ವಿಡಿಯೋ ತಯಾರಿಸುವ ಕೆಲಸ, ಮತ್ತೆ ಮೊದಲಿಂದ. ಯಾರ ಲೆಕ್ಕ, ಯಾವುದರ ಲೆಕ್ಕ ಅಂತ ಜೊತೆಗೇ ಬರೆಯಿರಿ.

ದುರಂತವೊಂದನ್ನೇ ತೋರಿಸಿದರೆ ಇಂಥದ್ದು ಯಾವಾಗಲೋ ಒಮ್ಮೆ ಅಂತ ಜನ ಸುಮ್ಮನಾಗುತ್ತಾರೆ. ಎಲ್ಲ ಸರಿ ಇದ್ದಾಗ ನಡೆಯುವುದಕ್ಕೂ ಒಂದು ನಿಮಿಷ ಇಡಿ. ಎಣ್ಣೆ ಹುಡುಕುವಾಗ ಹಡಗಿನ ಹಿಂದೆ ಎಳೆಯುವ, ಒತ್ತಡದ ಗಾಳಿ ಬಿಟ್ಟು ಸದ್ದು ಮಾಡುವ ಏರ್‌ಗನ್‌ಗಳು ಕೆಲವೇ ಸೆಕೆಂಡಿಗೊಮ್ಮೆ, ವಾರಗಟ್ಟಲೆ, ಹಗಲೂ ರಾತ್ರಿ ಢಂ ಅನ್ನುತ್ತವೆ. ತಿಮಿಂಗಿಲಗಳು ಒಂದನ್ನೊಂದು ಹುಡುಕುವುದೇ ಸದ್ದಿನಿಂದ. ಇಲ್ಲಿ ಚಿತ್ರ ಕಪ್ಪಾಗಿಸಿ, ಆ ಸದ್ದನ್ನಷ್ಟೇ ಕೇಳಿಸಿ. ಕೊರೆದ ಕಲ್ಲುಪುಡಿ ತಳದ ಜೀವಿಗಳ ಮೇಲೆ ಬೀಳುವುದು, ಎಣ್ಣೆಯ ಜೊತೆ ಬರುವ ಉಪ್ಪು ನೀರನ್ನು ಶುದ್ಧ ಮಾಡಿದರೂ ಸ್ವಲ್ಪ ಎಣ್ಣೆ ಉಳಿಸಿಕೊಂಡೇ ಸಮುದ್ರಕ್ಕೆ ಬಿಡುವುದು, ಇವೆಲ್ಲ ಬೇಗ ಹೇಳಿ ಮುಗಿಸಬಹುದು.

ನೀವು ಕರಾವಳಿಯವರಾದರೆ ಮಳೆಗಾಲದಲ್ಲಿ ಕಾಲಿಗೆ ಮೆತ್ತುವ ಡಾಂಬರು ಉಂಡೆಗಳನ್ನು ತೋರಿಸಬೇಕು ಅನಿಸುತ್ತದೆ, ನನಗೂ ಅನಿಸಿತ್ತು. ಆದರೆ ಅದರಲ್ಲಿ ಹಡಗುಗಳು ಬಿಟ್ಟ ಎಣ್ಣೆಯೂ ಇರುತ್ತದೆ, ಪೂರ್ತಿ ಬಾವಿಯ ತಲೆಗೆ ಕಟ್ಟಬೇಡಿ. ಸಮುದ್ರದ ತಳದಿಂದ ತಾನಾಗಿ ಜಿನುಗುವ ಎಣ್ಣೆಯೂ ಇದೆ, ಕಾಮೆಂಟಿನಲ್ಲಿ ಯಾರಾದರೂ ಅದನ್ನು ಹಿಡಿದು ಜಗ್ಗುವುದು ಗ್ಯಾರಂಟಿ. ಅದು ಅಷ್ಟಷ್ಟೇ, ಅಲ್ಲಲ್ಲಿ ಬರುವಂಥದ್ದು, ಒಂದೇ ತೂತಿನಿಂದ 87 ದಿನ ಸುರಿದದ್ದಲ್ಲ ಅಂತ ವಿಡಿಯೋದಲ್ಲೇ ಒಂದು ಸಾಲು ಹಾಕಿಬಿಡಿ.

ಇನ್ನು ಕೆಲಸದ ಮಾತು. ಮೊದಲು ದನಿ ರೆಕಾರ್ಡ್ ಮಾಡಿ, ಆಮೇಲೆ ಚಿತ್ರ. ಕನ್ನಡದ ಪದಗಳು ಉದ್ದ, ನಿಮಿಷಕ್ಕೆ ನೂರು ಪದ ದಾಟಿದರೆ ನನ್ನ ದನಿ ಕ್ರಿಕೆಟ್ ಕಾಮೆಂಟರಿ ಆಗುತ್ತದೆ. ಅನಿಮೇಷನ್ ಸಾಫ್ಟ್‌ವೇರ್ ಬ್ಲೆಂಡರ್ ಪುಕ್ಕಟೆ, ಮೂರು ನಿಮಿಷಕ್ಕೆ ಧಾರಾಳ ಸಾಕು. ಆಫ್ಟರ್ ಎಫೆಕ್ಟ್ಸ್ ಬಳಸುವುದಾದರೆ ಸೆಟ್ಟಿಂಗ್ಸ್‌ನಲ್ಲಿ ಟೆಕ್ಸ್ಟ್ ಇಂಜಿನ್ ಅನ್ನು ಸೌತ್ ಏಷ್ಯನ್‌ಗೆ ಬದಲಿಸಿ, ಇಲ್ಲದಿದ್ದರೆ ಒತ್ತಕ್ಷರಗಳು ಚೆಲ್ಲಾಪಿಲ್ಲಿ. ಅಕ್ಷರಗಳನ್ನು ಒಂದೊಂದಾಗಿ ಹಾರಿಸುವ ಎಫೆಕ್ಟ್ ಕನ್ನಡಕ್ಕೆ ಬೇಡವೇ ಬೇಡ. ನನ್ನ ವಿಡಿಯೋದಲ್ಲಿ 'ಎಣ್ಣೆ'ಯ ಒತ್ತು ಒಂದು ಕಡೆ, ಅಕ್ಷರ ಒಂದು ಕಡೆ ತೇಲಿಕೊಂಡು ಹೋಯಿತು.